ನನ್ನ ಪಾಲಿನ ಕಲೀಜಾ

ಪುಣೆಯ ಲ್ಯಾಬೊಂದರಲ್ಲಿ ನನ್ನ ಕೆಲಸವೆಂದರೆ ಮೀನು ಹೆಚ್ಚುವುದು. ಹೇಳಿಕೊಳ್ಳಲು ಟೆಕ್ನಿಶಿಯನ್, ಮಾಡುವುದು ನಮ್ಮವ್ವ ಮಾಡುತ್ತಿದ್ದ ಕೆಲಸವೇ. ಅವಳು ಮಸಾಲೆ ಹಚ್ಚುತ್ತಿದ್ದಳು, ನಾನು ಆಸಿಡ್ ಹಾಕುತ್ತೇನೆ. ಮಾಂಸ ಬೇರೆ, ಕಿವಿರು ಬೇರೆ, ಯಕೃತ್ತು ಬೇರೆ. ಒಣಗಿಸಿ, ಪುಡಿ ಮಾಡಿ, ಆಸಿಡ್‌ನಲ್ಲಿ ಕುದಿಸಿ ಮಷೀನಿಗೆ ಕೊಟ್ಟರೆ ಅದರೊಳಗೆ ಸೀಸ ಎಷ್ಟಿದೆ, ಕ್ಯಾಡ್ಮಿಯಂ ಎಷ್ಟಿದೆ ಎಂದು ಗೊತ್ತಾಗುತ್ತದೆ. ಅದೆಲ್ಲ ಗೊತ್ತಿದ್ದೂ ಯಕೃತ್ತಿಗೆ ಚಾಕು ಇಟ್ಟಾಗಲೆಲ್ಲ ನನ್ನ ಬಾಯಲ್ಲಿ ನೀರೂರುತ್ತದೆ. ನಾಚಿಕೆಗೇಡು, ಆದರೆ ನಿಜ.

ಏಕೆಂದರೆ ನಮ್ಮ ಮನೆಯಲ್ಲಿ ಅದಕ್ಕೆ ಕಲೀಜಾ ಅನ್ನುತ್ತಿದ್ದರು, ಮತ್ತು ಅದು ನನ್ನದಾಗಿತ್ತು. ಅಪ್ಪ ಭೀಮಾ ನದಿಯಲ್ಲಿ ಬಲೆ ಹಾಕುವವನು. ದೊಡ್ಡ ಬಾಳೆಮೀನು ಸಿಕ್ಕರೆ ಹರಗೋಲಿನಲ್ಲೇ ಕೂತು ಸೀಳುತ್ತಿದ್ದ. ಕರುಳನ್ನು ಆಚೆ ದಡದ ಮರಳಿನಲ್ಲಿ ಮಲಗಿರುತ್ತಿದ್ದ ಮುದಿ ಹೆಣ್ಣು ಮೊಸಳೆಯತ್ತ ಎಸೆದು, ಕಲೀಜಾವನ್ನು ಎಲೆಯಲ್ಲಿ ಸುತ್ತಿ ತರುತ್ತಿದ್ದ. “ಅಕಿ ಪಾಲು ಅಕಿಗೆ, ನಿನ್ನ ಪಾಲು ನಿನಗ,” ಅನ್ನುತ್ತಿದ್ದ. ಅವ್ವ ಅದನ್ನು ಬೆಳ್ಳುಳ್ಳಿ, ಕೆಂಪು ಖಾರ ಹಚ್ಚಿ ಹಂಚಿನ ಮೇಲೆ ಹುರಿದು ನನ್ನ ರೊಟ್ಟಿಯ ಮೂಲೆಗೆ ಇಡುತ್ತಿದ್ದಳು. ತನಗೂ ಬೇಕೆಂದು ಅಣ್ಣ ಒಮ್ಮೆ ಜಗಳ ತೆಗೆದಾಗ ಅಪ್ಪ, “ನಿನಗ ಮನಿ ಅದ, ಬಲೆ ಅದ. ತಂಗಿಗೆ ಇದಾದ್ರೂ ಇರ್ಲಿ ಬಿಡೋ,” ಅಂದಿದ್ದ. ಮದುವೆಯಾದ ಮೇಲೂ ನಾನು ಊರಿಗೆ ಹೋದಾಗಲೆಲ್ಲ ಆ ಮೂಲೆ ತುಂಬಿಯೇ ಇರುತ್ತಿತ್ತು.

ಈಗ ನಾವಿರುವುದು ಪುಣೆಗೆ ಅಂಟಿಕೊಂಡ ಪಿಂಪ್ರಿ-ಚಿಂಚವಾಡದಲ್ಲಿ. ಗಂಡ ಗಾಡಿಗಳ ಬಿಡಿಭಾಗಗಳಿಗೆ ಲೋಹದ ಹೊಳಪಿನ ಲೇಪ ಕೊಡುವ ಕಾರ್ಖಾನೆಯಲ್ಲಿದ್ದಾನೆ. ದಿನಾ ನನ್ನ ಬಸ್ಸು ಪವನಾ ನದಿಯ ಸೇತುವೆ ದಾಟುತ್ತದೆ. ಈ ನೀರು ಮುಳಾ ಸೇರಿ, ಮುಂದೆ ಭೀಮೆ ಸೇರಿ ನನ್ನ ತವರಿನ ಮುಂದೆಯೇ ಹರಿದು ಹೋಗುತ್ತದೆ. ಅದಕ್ಕೆ ರಜೆ ಬೇಡ, ಟಿಕೆಟ್ ಬೇಡ. ಹೊಸದರಲ್ಲಿ ನನಗೆ ಅದರ ಮೇಲೆ ಹೊಟ್ಟೆಕಿಚ್ಚು. ಮುಡಿದ ಹೂ ತೆಗೆದು ಕಿಟಕಿಯಿಂದ ಎಸೆದು, ಅವ್ವನ ಹತ್ತಿರ ಹೋಗು ಅನ್ನುತ್ತಿದ್ದೆ. ಹೂವಿನ ಜೊತೆ ಇಲ್ಲಿಂದ ಇನ್ನೇನೇನು ಹೋಗುತ್ತಿದೆ ಎಂಬ ಯೋಚನೆ ನನಗೆ ಬಂದದ್ದು ಲ್ಯಾಬಿಗೆ ಸೇರಿದ ಮೇಲೆ. ಗಂಡನ ಕೆಲಸದ ಅಂಗಿ ಒಗೆದ ನೀರೂ ಅಲ್ಲಿಗೇ ತಾನೆ ಹೋಗುವುದು.

ಆದರೂ ನನ್ನದೊಂದು ಹುಚ್ಚು ನಂಬಿಕೆ ಇತ್ತು. ಅಷ್ಟು ದೂರ ಹರಿದ ನದಿ ತನ್ನನ್ನು ತಾನೇ ತೊಳೆದುಕೊಂಡಿರುತ್ತದೆ ಎಂದು. ಅದನ್ನು ಖಾತ್ರಿ ಮಾಡಿಕೊಳ್ಳಲೆಂದೇ ಒಮ್ಮೆ ಅಪ್ಪ ಹಿಡಿದ ಬಾಳೆಮೀನನ್ನು ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಪುಣೆಗೆ ತಂದೆ. ಲ್ಯಾಬಿನ ಸಾಹೇಬರ ಒಪ್ಪಿಗೆ ಕೇಳಿ ಮಷೀನಿಗೆ ಕೊಟ್ಟೆ. ಮಾಂಸ ಪಾಸಾಯಿತು. ಕಲೀಜಾ ಪಾಸಾಗಲಿಲ್ಲ. ಕೈತಪ್ಪಿರಬೇಕೆಂದು ಮತ್ತೆರಡು ಸಲ ಮಾಡಿದೆ. “ಯಕೃತ್ತು ಬಿಟ್ಟು ಉಳಿದದ್ದು ತಿನ್ನಿ, ಅಷ್ಟೇನೂ ಭಯವಿಲ್ಲ,” ಎಂದು ಸಾಹೇಬರು ಸಮಾಧಾನ ಹೇಳಿದರು. ನನಗೆ ಸಿಟ್ಟು ಬಂತು. ಇಡೀ ಮೀನಿನಲ್ಲಿ ಕೆಟ್ಟದ್ದು ನನ್ನ ಪಾಲೊಂದೇ ಆಗಬೇಕೆ?

ಅಪ್ಪನಿಗೆ ಫೋನಿನಲ್ಲೇ ಹೇಳಿಬಿಟ್ಟೆ. ಎದುರು ನಿಂತು ಹೇಳುವ ಧೈರ್ಯ ಇರಲಿಲ್ಲ. “ಆತು ಬಿಡವ್ವಾ,” ಅಂದ. ಮುಂದೆ ಊರಿಗೆ ಹೋದಾಗ ತಾಟಿನಲ್ಲಿ ಮೀನಿತ್ತು, ರೊಟ್ಟಿಯ ಮೂಲೆ ಖಾಲಿ. ಬೇಡವೆಂದವಳು ನಾನೇ. ಆದರೂ ಊಟ ಮುಗಿಯುವವರೆಗೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವ್ವ ನೋಡಿಯೂ ನೋಡದಂತೆ ಇನ್ನೊಂದು ತುಂಡು ಬಡಿಸಿದಳು. ನೆಂಟರಿಗೆ ಬಡಿಸಿದ ಹಾಗೆ.

ಮೊನ್ನೆ ಕೆಲಸ ಮುಗಿಸಿ ಬರುವಾಗ ಬಸ್ಸು ಅದೇ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಕೆಳಗೆ ನೀರಿನ ಮೇಲೆ ಬಿಳಿ ನೊರೆ ತೇಲುತ್ತಿತ್ತು. ಅಪ್ಪನ ಫೋನ್ ಬಂತು. ದೊಡ್ಡ ಬಾಳೆಮೀನು ಸಿಕ್ಕ ಖುಷಿಯಲ್ಲಿದ್ದ.

“ಕಲೀಜಾ ಇಷ್ಟ ದೊಡ್ಡದದ ನೋಡು. ಈಗ ನಿನ್ನ ಪಾಲೂ ಅಕಿಗೇ ಹಾಕತೀನಿ,” ಅಂದ.

“ಯಾರಿಗೆ?”

“ಮೊಸಳಿಗೆ.”

“ಬ್ಯಾಡಪ್ಪಾ!” ನಾನು ಕೂಗಿದ್ದಕ್ಕೆ ಬಸ್ಸಿನವರೆಲ್ಲ ತಿರುಗಿ ನೋಡಿದರು. “ಅದು ದಿನಾ ಮೀನ ತಿನ್ನೂದು. ಆ ವಿಷ ಎಲ್ಲಾ ಅದರ ಮೈಯಾಗ ಕೂಡತದ. ಅದಕ್ಕೂ ರೋಗ ಬರ್ತದ.”

ಆ ಕಡೆ ಹರಗೋಲಿಗೆ ನೀರು ಬಡಿಯುವ ಸದ್ದು ಕೇಳುತ್ತಿತ್ತು.

“ಮಗಳಿಗೂ ಬ್ಯಾಡ, ಮೊಸಳಿಗೂ ಬ್ಯಾಡ,” ಅಂದ. “ಹಂಗಾದ್ರ ಇದನ್ನ ಯಾರಿಗೆ ಕೊಡ್ಲಿ ಹೇಳವ್ವಾ?”

ನನಗೇ ಎತ್ತಿಡಪ್ಪಾ, ಈಗಲೇ ಹೊರಟು ಬರ್ತೀನಿ ಅನ್ನುವ ಮಾತು ಗಂಟಲಿಗೆ ಬಂತು. ಅಷ್ಟು ಆಸೆಯಾಗಿತ್ತು ನನಗೆ.

“ಮಣ್ಣಾಗ ಹುಗದು ಬಿಡಪ್ಪಾ,” ಅಂದೆ.