ಪ್ರಾಜೆಕ್ಟಿನ ಕೊನೆಯ ಎರಡು ಪುಟ

ಕಾಲೇಜಿನ ಕೊನೆಯ ವರ್ಷ ನನಗೆ ಕೂತಲ್ಲಿ ಕೂರಲಾಗದ ರೋಗವೊಂದು ಹತ್ತಿಕೊಂಡಿತ್ತು. ಇಸವಿ ಎರಡು ಸಾವಿರದ ಆಚೀಚಿನ ಕಾಲ, ಪುಣೆಯಲ್ಲಿ ಗಲ್ಲಿಗೊಂದು ಸೈಬರ್ ಕೆಫೆ. ತರಗತಿ ಮುಗಿದದ್ದೇ ತಡ, ನಾನು ಅಲ್ಲಿ ಹಾಜರು.

ನೆಪ ಪ್ರಾಜೆಕ್ಟು. ರಾಜ್ಯಶಾಸ್ತ್ರಕ್ಕೆ ಇಬ್ಬಿಬ್ಬರು ಸೇರಿ ಒಂದು ಬರೆಯಬೇಕಿತ್ತು. ನನ್ನ ಜೊತೆಗಾತಿ ಮರಾಠಿ ಮನೆಯ ಹುಡುಗಿ, ಐದನೆಯ ತರಗತಿಯಿಂದ ನನ್ನ ಬೆಂಚಿನವಳು. ಅವರ ಅಡುಗೆಮನೆಯಲ್ಲಿ ಯಾರನ್ನೂ ಕೇಳದೆ ಡಬ್ಬಿ ತೆಗೆದು ಚಕ್ಕುಲಿ ತಿನ್ನುವಷ್ಟು ಸಲಿಗೆ ನನಗಿತ್ತು. ನಾವು ಆರಿಸಿಕೊಂಡ ವಿಷಯ ಎರಡು ರಾಜ್ಯಗಳ ಗಡಿ ಜಗಳ. ಕನ್ನಡದ ಕಡೆಯದು ನಾನು, ಮರಾಠಿ ಕಡೆಯದು ಅವಳು ಎಂದು ನಗುನಗುತ್ತಲೇ ಹಂಚಿಕೊಂಡೆವು. ಭಾರಿ ಜಾಣೆಯರು ನಾವು.

ಆಗ ಪರದೆಯ ಮೇಲೆ ಕನ್ನಡ ಕಾಣುವುದೇ ಅಪರೂಪ. ಅಕ್ಷರವಿರಬೇಕಾದಲ್ಲಿ ಬರೀ ಚೌಕ ಚೌಕ ಡಬ್ಬಿಗಳು. ಕೆಫೆಯವನನ್ನು ಕಾಡಿ ಬೇಡಿ ಫಾಂಟ್ ಹಾಕಿಸಿದ ದಿನ ಪುಟ ತೆರೆದುಕೊಂಡಾಗ ನನ್ನ ಕಣ್ಣು ತುಂಬಿತು. ಮನೆಯಲ್ಲಿ ಅವ್ವ ತಿದ್ದಿಸಿದ ಅಕ್ಷರಗಳು, ಈ ಊರಿನ ಒಂದು ಫಲಕದಲ್ಲೂ ಸಿಗದ ಅಕ್ಷರಗಳು, ನನ್ನೆದುರು ಬೆಳಗುತ್ತಿದ್ದವು. ಆ ಖುಷಿಯಲ್ಲೇ ಮೋಸ ಹೋದೆ. ಕನ್ನಡದಲ್ಲಿ ಇದ್ದದ್ದೆಲ್ಲ ನಮ್ಮ ಮನೆಯವರೇ ಹೇಳಿದ್ದು ಎಂದುಕೊಂಡೆ. ಯಾರು ಬರೆದರು, ಎಲ್ಲಿ ಕೂತು ಬರೆದರು, ಕೇಳಲೇ ಇಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಕೆಳಗಿನ ಬೈಗುಳಗಳಿಗೆ, ಬೈಗುಳಕ್ಕೆ ಬಂದ ಮರುಬೈಗುಳಗಳಿಗೆ. ಪಕ್ಕದ ಕಂಪ್ಯೂಟರಿನಲ್ಲಿ ಗೆಳತಿಯ ಎದುರೂ ಇಂಥದೇ ಬೆಂಕಿ ಇದ್ದಿರಬೇಕು. ಅವಳು ಬೇಕಾದ್ದು ಬರೆದುಕೊಂಡು ಚಹಾಕ್ಕೆ ಎದ್ದು ಹೋಗುತ್ತಿದ್ದಳು. ನನಗೆ ಏಳಲಾಗುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಮರಾಠಿಯಲ್ಲಿ ಸರಿದು ಕೂರಲು ಹೇಳಿದರೂ ಮೈ ಉರಿಯುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು ತೆಗೆದೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಕ್ಲಾರ್ಕ್ ಆಗಿದ್ದ ಅಪ್ಪ ರೊಟ್ಟಿ ಮುರಿಯುತ್ತ, "ಅದನ್ನ ಬರದವ ಆ ಊರು ನೋಡ್ಯಾನೇನು?" ಎಂದರು.

"ನೋಡಲಾರದ ಬರೀತಾರೇನ್ ಅಪ್ಪಾ?"

"ಭಾಳ ಮಂದಿ ಬರೀತಾರ."

ಅವ್ವ ನನ್ನ ತಾಟಿಗೆ ಪಲ್ಯ ಬಡಿಸಿದಳು. "ಮದಲ ಉಣ್ಣು. ವಾರ ಆತು ನೋಡಾಕತ್ತೀನಿ, ಯಾರ ಮ್ಯಾಲ ಸಿಟ್ಟು ಅಂತ ನಿನಗರ ಗೊತ್ತದ ಏನು?"

ಗೊತ್ತಿರಲಿಲ್ಲ. ಅದಕ್ಕೇ ಅವಳ ಮೇಲೂ ಸಿಡುಕಿ, ಅರ್ಧಕ್ಕೇ ಎದ್ದೆ.

ಪ್ರಾಜೆಕ್ಟು ದಪ್ಪಗಿದ್ದಷ್ಟೂ ಹೆಚ್ಚು ಅಂಕ ಎಂಬುದು ನಮ್ಮ ಕಾಲೇಜಿನ ನಂಬಿಕೆ. ಬರೆದದ್ದು ಮೂವತ್ತು ಪುಟವಾದರೆ, ಜಾಲದಿಂದ ಮುದ್ರಿಸಿಕೊಂಡ ಕಾಗದ ಹಿಂದೆ ಇನ್ನೂ ಮೂವತ್ತು. ಅವನ್ನು ಯಾರೂ ಓದುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಸ್ಪೈರಲ್ ಹಾಕಿಸುವ ದಿನ ನನ್ನ ಮೆಚ್ಚಿನ ಎರಡು ಕನ್ನಡ ಪುಟಗಳನ್ನು ಕೊನೆಗೆ ಸೇರಿಸಿದೆ. ಅದರಲ್ಲೊಂದು ಸಾಲಿತ್ತು: ಮರಾಠಿಗರನ್ನು ಹೊಸಿಲು ದಾಟಿಸಬಾರದು, ಉಂಡ ಮನೆಗೇ ಎರಡು ಬಗೆಯುವ ಜನ ಅವರು.

ಗೆಳತಿ ಪುಟ ತಿರುವಿ, ಇದರಲ್ಲಿ ಏನಿದೆ ಎಂದು ಕೇಳಿದಳು.

"ಗಡಿ ಹಳ್ಳಿಗಳ ಪಟ್ಟಿ," ಎಂದೆ.

ಸುಳ್ಳು ತಡವರಿಸದೆ ಬಂತು. ಪ್ರತಿ ಪುಟದ ಕೆಳಗೆ ಇಬ್ಬರೂ ಸಹಿ ಹಾಕಬೇಕಿತ್ತು. ಓದಲು ಬಾರದ ಆ ಎರಡು ಪುಟಗಳಿಗೂ ಅವಳು ಸಹಿ ಹಾಕಿದಳು.

ಮೌಖಿಕ ಪರೀಕ್ಷೆಗೆ ಬೇರೆ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ಸೊಲ್ಲಾಪುರದಲ್ಲಿ ಬೆಳೆದವರು, ಕನ್ನಡ ಓದಬಲ್ಲವರು. ಅದು ನಮಗೇನು ಗೊತ್ತು. ಪ್ರಾಜೆಕ್ಟನ್ನು ಹಿಂದಿನಿಂದ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದತೊಡಗಿದರು. ಆ ಒಂದು ಸಾಲನ್ನು ಅವರು ಮರಾಠಿಯಲ್ಲಿ ಜೋರಾಗಿ ಹೇಳಿದರು. ಗೆಳತಿ ನನ್ನ ಕಡೆ ತಿರುಗಿದಳು. ನಾನು ಮೇಜು ನೋಡುತ್ತಿದ್ದೆ.

"ಸಹಿ ನಿಮ್ಮದೇ ಅಲ್ಲವೇ? ಇದರಲ್ಲಿ ಏನಿದೆ ಎಂದು ನಿಮಗೆ ಗೊತ್ತಿತ್ತೇ?" ಎಂದು ಅವಳನ್ನು ಕೇಳಿದರು.

ಇಲ್ಲ ಎಂದಿದ್ದರೆ ನನ್ನ ವರ್ಷ ಅಲ್ಲಿಗೇ ಮುಗಿಯುತ್ತಿತ್ತು. ಮುಗಿದಿದ್ದರೇ ಚೆನ್ನಾಗಿತ್ತು.

"ಗೊತ್ತಿತ್ತು ಸರ್," ಎಂದಳು. "ಜಾಲದಲ್ಲಿ ಜನ ಎಂಥದೆಲ್ಲ ಬರೆಯುತ್ತಾರೆ ಎಂದು ತೋರಿಸಲು ಇಬ್ಬರೂ ಸೇರಿಯೇ ಹಾಕಿದ್ದು."

ಅವರು ತಲೆದೂಗಿದರು. ಒಳ್ಳೆಯ ಅಂಕವೇ ಬಂತು.

ಹೊರಗೆ ಬಂದವಳೇ ಸರಸರ ಮೆಟ್ಟಿಲಿಳಿದಳು. ಹಿಂದೆ ಓಡಿ ಕೈ ಹಿಡಿದೆ. ತಪ್ಪಾಯಿತು, ನಿನ್ನನ್ನು ಹಾಗೆ ಯಾವತ್ತೂ ಅಂದುಕೊಂಡಿಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ಅಷ್ಟು ವರ್ಷ ನಾವು ನಕ್ಕದ್ದು, ಅತ್ತದ್ದು, ಜಗಳವಾಡಿದ್ದು ಎಲ್ಲ ಮರಾಠಿಯಲ್ಲಿ. ಹಿಂದಿಯೆಂದರೆ ಪುಣೆಯಲ್ಲಿ ಗುರುತಿಲ್ಲದವರ ಜೊತೆ 'ಆಪ್' ಎಂದು ಬಹುವಚನ ಹಚ್ಚಿ ಆಡುವ ಮಾತು.

"ಕೋಯೀ ಬಾತ್ ನಹೀಂ," ಎಂದಳು. "ಆಪ್ ಜಾಯಿಯೇ."