ಹೆಸರು ಅಂಟಿಸಿದ ಹಾಲು

ಒಂದು ಸೆಮಿಸ್ಟರ್ ಪರದೇಶದಲ್ಲಿ ಓದಿ ಬಂದ ಅಕ್ಕನ ಮಗಳು ವಿಮಾನ ನಿಲ್ದಾಣದಲ್ಲಿ ಟ್ರಾಲಿ ಬಿಟ್ಟು ಅಮ್ಮನತ್ತ ಓಡಿದಳು; ಇಳಿಜಾರಿನಲ್ಲಿ ಟ್ರಾಲಿಯೂ ಹಿಂದೆಯೇ ಓಡಿಬಂದು ತಾಯಿ-ಮಗಳಿಬ್ಬರನ್ನೂ ಕೆಡವಿತು. ಮಗಳು ಎದ್ದು ‘ಸಾರಿ’ ಹೇಳಿದ್ದು ಟ್ರಾಲಿಗೆ. ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟೇಳುತ್ತಿದ್ದ ಮಹಾರಾಣಿ ಈಗ ಉಂಡ ಕೂಡಲೇ ಮನೆಮಂದಿಯ ತಟ್ಟೆಯನ್ನೆಲ್ಲ ತೊಳೆದಿಡುತ್ತಾಳೆ. ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ಹಸಿರಾಗಲೆಂದು ತಪಸ್ಸಿಗೆ ನಿಲ್ಲುತ್ತಾಳೆ. ವರ್ಷದಿಂದ ಸೋರುತ್ತಿದ್ದ ನಲ್ಲಿಯ ಬಾಯಿಯನ್ನು ತಾನೇ ಸ್ಪ್ಯಾನರ್ ಹಿಡಿದು ಮುಚ್ಚಿಸಿದಳು. ‘ನಾಳೆ ಮಾಡ್ತೀನಿ’ ಎನ್ನುತ್ತಿದ್ದ ಭಾವನ ಬಾಯಿಯೂ ಅದೇ ಸ್ಪ್ಯಾನರಿಗೆ ಮುಚ್ಚಿತು. ಫ್ರಿಜ್ಜಿನ ಹಾಲಿನ ಪೊಟ್ಟಣಕ್ಕೆ ತನ್ನ ಹೆಸರಿನ ಚೀಟಿ ಅಂಟಿಸಿ, “ಅಯ್ಯೋ, ಅಭ್ಯಾಸ ಮಾಮಾ! ಅಲ್ಲಿ ಹಾಸ್ಟೆಲಲ್ಲಿ ಎಲ್ಲರಿಗೂ ಒಂದೇ ಅಡುಗೆಮನೆ, ಹೆಸರಿಲ್ಲದ ಹಾಲು ಊರಿಗೆಲ್ಲ ಹಾಲು” ಎಂದು ನಾಲಿಗೆ ಕಚ್ಚಿಕೊಂಡಳು. ನಾವು ಬಿದ್ದು ಬಿದ್ದು ನಕ್ಕೆವು. ಆದರೆ ನಾವೆಲ್ಲ ಮೇಜಿನ ಸುತ್ತ ಕೂತಿದ್ದರೂ ಅವಳು ತಟ್ಟೆ ಹಿಡಿದು ಸಿಂಕಿನ ಪಕ್ಕ ನಿಂತೇ ಉಣ್ಣುವುದನ್ನು ಕಂಡು ಅಕ್ಕನ ನಗು ನಿಂತಿತು. ಮಗಳು ಅಲ್ಲಿ ಅಷ್ಟು ದಿನವೂ ಹೀಗೇ ಒಬ್ಬಳೇ ಉಂಡಿದ್ದಳು. ಕುರ್ಚಿ ಎಳೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅಲ್ಲಿ ನನ್ನ ನೆನಪು ಬರ್ತಿತ್ತೇನೇ?” ಎಂದಳು ಅಕ್ಕ, ಕಣ್ಣೊರೆಸಲು ಸೆರಗು ಸಿದ್ಧವಾಗಿಟ್ಟು. “ಬರ್ದೆ ಇರತ್ತಾ ಅಮ್ಮಾ? ದಿನಾ ಬರ್ತಿತ್ತು, ಪಾತ್ರೆ ತೊಳೆಯೋವಾಗ.”