ಒಳಗಿನದು ಮೊದಲು

ಭಾರತೀನಗರದ ಕಾಲೇಜೊಂದರ ಕಂಪ್ಯೂಟರ್ ಮೇಷ್ಟ್ರು ಸುಧೀಂದ್ರ, ನಲವತ್ತು ಕಬ್ಬು ಬೆಳೆಗಾರರಿಗೆ ಕೈಮುಗಿದು, ‘ಇಗೋ ನಿಮ್ಮ ಕಟಾವಿನ ಸರದಿ, ಅಚ್ಚಗನ್ನಡದಲ್ಲಿ!’ ಎಂದು ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ಹೆಸರೂ ಬರಲಿಲ್ಲ. ಸಾಲುಸಾಲಾಗಿ ಖಾಲಿ ಚೌಕಗಳು ಬಂದವು.

‘ಇದ್ರಲ್ಲಿ ನಾನ್ಯಾವ ಡಬ್ಬ ಸಾ?’ ಎಂದರು ಮುಂದೆ ಕೂತಿದ್ದ ಮರಿಸಿದ್ದಯ್ಯ.

ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಗಂಭೀರವಾಗಿ ವೈರು ಅಲ್ಲಾಡಿಸಿ ನೋಡಿದರು.

ಲ್ಯಾಬಿನ ವನಜಾ ವೈರು ಮುಟ್ಟಲಿಲ್ಲ. ಸರದಿಯ ಪ್ರೋಗ್ರಾಮು ಬರೆದವಳು ಅವಳೇ, ಮಳವಳ್ಳಿ ಕಡೆಯವಳು. ಅವಳು ಡಿಪ್ಲೊಮಾ ಓದುವಾಗ ಕಾರ್ಖಾನೆಯ ಕೈಬರಹದ ಕಟಾವಿನ ಪಟ್ಟಿಯಲ್ಲಿ ಅಪ್ಪ ಜವರಯ್ಯನ ಹೆಸರು ಬಿಟ್ಟುಹೋಗಿ, ಕಬ್ಬು ಬಲಿತು ಸೂಲಂಗಿ ಹೂ ಬಿಟ್ಟು ಗದ್ದೆಯಲ್ಲೇ ಒಣಗಿತ್ತು. ಅಂದು ಹಿಡಿದ ಹಟ ಇದು. ಇವತ್ತು ಮಧ್ಯಾಹ್ನದ ಊಟದೊಳಗೆ ಬೆಳೆಗಾರರು ಒಪ್ಪದಿದ್ದರೆ ಮತ್ತೆ ಕೈಬರಹವೇ.

‘ನಿಮ್ ಫೋಲ್ಡರು ಬರಿದು ಸಾರ್,’ ಎಂದಳು.

ಕನ್ನಡ ಅಕ್ಷರ ಮೂಡಿಸುವ ಭಾಗ ಮೇಷ್ಟ್ರದು. ಅವಳ ಗಿಟ್ ರೆಪೊದ, ಅಂದರೆ ಪ್ರೋಗ್ರಾಮಿನ ಕಡತಗಳ ಉಗ್ರಾಣದ, ಹೊಟ್ಟೆಯಲ್ಲಿ ಅದೊಂದು ಪ್ರತ್ಯೇಕ ರೆಪೊ. ಹೊರಗಿನದು ಒಳಗಿನದರ ವಿಳಾಸವನ್ನೂ ಗುರುತಿನ ನಂಬರನ್ನೂ ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ಒಳಗಿನ ಸರಕನ್ನು ಸರ್ವರಿಗೆ ಬೇರೆಯಾಗಿಯೇ ಕಳಿಸಬೇಕು. ಮೇಷ್ಟ್ರು ಹೊರಗಿನದನ್ನು ಕಳಿಸಿ, ಎಲ್ಲ ಹೋಯಿತೆಂದು ಕಾಫಿ ಕುಡಿದಿದ್ದರು. ವನಜಾ ಇದನ್ನು ಎಲ್ಲರೆದುರೇ ಬಿಡಿಸಿ ಹೇಳಿದಳು.

‘ಕಟಾವಿನ ಟೋಕನ್ ಬಂದೈತೆ, ಕಬ್ಬಿನ ಗಾಡಿ ಬಂದಿಲ್ಲ ಅನ್ನವ್ವ,’ ಎಂದರು ಮರಿಸಿದ್ದಯ್ಯ. ಇದನ್ನೇ ತಿಳಿಸಲು ಸುಧೀಂದ್ರರಿಗೆ ಎರಡು ಪೀರಿಯಡ್ಡು ಬೇಕಾಗುತ್ತಿತ್ತು.

‘ಗಾಡಿ ಎಲ್ಲೈತೆ ಸಾರ್?’ ಎಂದಳು ವನಜಾ.

‘ಮಂಡ್ಯದ ಗುತ್ತಲಿನಲ್ಲಿ. ನಮ್ಮನೆ ಕಂಪ್ಯೂಟರಿನಲ್ಲಿ.’

ಮಂಡ್ಯಕ್ಕೆ ಬಸ್ಸು ಹತ್ತಿ ತರುವಷ್ಟು ಹೊತ್ತಿರಲಿಲ್ಲ. ಮನೆಯಲ್ಲಿದ್ದ ಮೇಷ್ಟ್ರ ಹೆಂಡತಿ ಶುಭಾಗೆ ವನಜಾ ಫೋನು ಮಾಡಿ ಕಂಪ್ಯೂಟರ್ ಹಾಕಿಸಿದಳು.

‘ಮೇಡಮ್, ಮೊದ್ಲು ಒಳಗಿನ ಫೋಲ್ಡರಿಗೆ ಓಗಿ.’

‘ಹೋದೆ ಕಣಮ್ಮ. ಇಲ್ಲಿ “ಕಡೆಯದು” ಅಂತ ಒಂದಿದೆ, “ನಿಜವಾಗ್ಲೂ ಕಡೆಯದು” ಅಂತ ಇನ್ನೊಂದಿದೆ. ಥೇಟ್ ಇವರ ಬೀರು!’

ಬೆಳೆಗಾರರು ನಕ್ಕರು. ಫೋನಿನ ಸ್ಪೀಕರು ಹಾಕಿತ್ತು.

‘ನಾನ್ ಏಳೋ ನಂಬರು ಯಾವುದರ ಮುಂದೈತೆ ನೋಡಿ.’ ಹೊರಗಿನದು ಬರೆದಿಟ್ಟುಕೊಂಡಿದ್ದ ನಂಬರನ್ನು ವನಜಾ ಒಂದೊಂದೇ ಅಂಕಿ, ಅಕ್ಷರವಾಗಿ ಓದಿದಳು. ಶುಭಾ ಎರಡು ಸಲ ತಪ್ಪಿದರು. ಇತ್ತ ಇಬ್ಬರು ಎದ್ದು ಪಂಚೆ ಕೊಡವಿಕೊಂಡರು.

‘ಕೂತ್ಕಳಿ ಅಣ್ಣ,’ ಎಂದಳು ವನಜಾ, ತಿರುಗಿಯೂ ನೋಡದೆ. ‘ಇನ್ನೊಂದ್ಸಲ ಮೇಡಮ್.’

ಮೂರನೆಯ ಸಲ ಒಳಗಿನದು ಹೋಯಿತು. ವನಜಾ ಇಲ್ಲಿ ಇಳಿಸಿಕೊಂಡಳು. ಚೌಕಗಳೆಲ್ಲ ಹೆಸರಾದವು.

‘ಅನ್ನೊಂದ್ನೇದು ನಾನೇ ಕಣವ್ವ! ಇದೇ ಇರ್ಲಿ ಬುಡು,’ ಎಂದರು ಮರಿಸಿದ್ದಯ್ಯ. ಎದ್ದಿದ್ದವರೂ ತಲೆಯಾಡಿಸಿದರು.

ಸುಧೀಂದ್ರ ಬೆವರೊರೆಸಿಕೊಂಡು ಮೆಲ್ಲಗೆ ಕೇಳಿದರು: ‘ಇನ್ನೊಮ್ಮೆ ಹೀಗಾದರೆ ನಾನೇನು ಮಾಡಬೇಕಮ್ಮ?’

‘ನೀವೇನೂ ಮಾಡ್ಬೇಡಿ ಸಾರ್. ಮೇಡಮ್ನೋರು ಕಲ್ತವ್ರೆ.’